ಹಿಂದಿನ ಗಾಡಿಯಲ್ಲಿ ಯಾರೂ ಕೂರಬಾರದು

ಊರ ಹೊರಗಿನ ಹೆದ್ದಾರಿಯಲ್ಲಿ ಯಾರ ಕಾರು ಕೆಟ್ಟು ನಿಂತರೂ, ಯಾರ ಲಾರಿ ಹಳ್ಳಕ್ಕೆ ಇಳಿದರೂ ಮೊದಲ ಫೋನು ಹೋಗುವುದು ನನ್ನ ಭಾವನಿಗೆ. ಕೆಟ್ಟ ಗಾಡಿಗಳನ್ನು ಎಳೆದು ತರುತ್ತಲೇ ಅವರ ತಲೆ ಬೆಳ್ಳಗಾಯಿತು. ಗ್ಯಾರೇಜಿನವರು ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಎಲ್ಲರಿಗೂ ಅವರು ‘ಕೊಕ್ಕೆ’. ಲಾರಿಯ ಹಿಂದೆ ಜೋತಾಡುವ ಕೊಕ್ಕೆಯ ಹಾಗೆ ಮಾತಿಲ್ಲ, ಕತೆಯಿಲ್ಲ, ಹಿಡಿದದ್ದನ್ನು ಬಿಡುವುದೂ ಇಲ್ಲ. ನನ್ನದೋ ಸುಮ್ಮನಿರಲಾರದ ಬಾಯಿ. ಇಂಥವರ ಜೊತೆ ಹೇಗೆ ಬಾಳುತ್ತೀಯೇ ಎಂದು ಅವರ ಎದುರೇ ಅಕ್ಕನನ್ನು ಎಷ್ಟೋ ಸಲ ಕೇಳಿದ್ದೇನೆ. “ಮನೇಲಿ ಮಾತಾಡಕ್ಕೆ ನಾನಿದ್ದೀನಲ್ಲೇ. ಕೇಳಿಸ್ಕೊಳ್ಳೋರೂ ಒಬ್ರು ಬೇಕಲ್ಲ,” ಎಂದು ಅವಳು ನಗುತ್ತಿದ್ದಳು.

ಭಾವನ ಕೆಲಸಕ್ಕೆ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಎಳೆಸಿಕೊಂಡು ಬರುವ ಗಾಡಿಯೊಳಗೆ ಜೀವ ಇರಬಾರದು. ಕೊಂಡಿ ಹಾಕುವ ಮುಂಚೆ ಹಿಂದಿನ ಸೀಟು, ಡಿಕ್ಕಿ, ಲಾರಿಯಾದರೆ ಡ್ರೈವರು ಮಲಗುವ ಹಲಗೆ, ಎಲ್ಲವನ್ನೂ ಇಣುಕಿ ನೋಡುತ್ತಿದ್ದರು. ಒಮ್ಮೆ ಒಬ್ಬ ದೊಡ್ಡ ಮನುಷ್ಯ ತನ್ನ ಹೊಸ ಕಾರಿನಿಂದ ಬಿಸಿಲಿಗೆ ಇಳಿಯುವುದಿಲ್ಲ ಎಂದು ಹಠ ಹಿಡಿದನಂತೆ. ಭಾವ ಲಾರಿಯ ನೆರಳಿನಲ್ಲಿ ಡಬ್ಬಿ ಬಿಚ್ಚಿಕೊಂಡು ಊಟಕ್ಕೆ ಕೂತರು. ಊಟ ಮುಗಿಯಿತು, ಸಣ್ಣದೊಂದು ನಿದ್ದೆಯೂ ಆಯಿತು. ಆಮೇಲೆ ಆ ಮನುಷ್ಯ ತಾನಾಗಿ ಬಂದು ಲಾರಿ ಹತ್ತಿದ. ಕೊಂಡಿ ಕಳಚಿದರೆ ಹಿಂದಿನ ಗಾಡಿ ಏನು ಮಾಡುತ್ತದೆ ಎನ್ನುವುದನ್ನು ಭಾವ ಎಲ್ಲೋ ಕಣ್ಣಾರೆ ಕಂಡಿದ್ದರು. ಏನು ಕಂಡರು ಎಂದು ಅಕ್ಕನಿಗೂ ಹೇಳಿರಲಿಲ್ಲ.

ಅಕ್ಕ ನೂಲಿನ ಗಿರಣಿಯಲ್ಲಿ ದುಡಿದವಳು. ಹತ್ತಿಯ ಧೂಳು ಎದೆಯಲ್ಲಿ ಮನೆ ಮಾಡಿತ್ತು. ಮೊದಲು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಆಮೇಲೆ ಬಟ್ಟೆ ಒಗೆದರೆ, ಕೊನೆಗೆ ತಲೆ ಬಾಚಿಕೊಂಡರೂ. ಇನ್ನು ಸ್ವಲ್ಪ ದಿನಕ್ಕೆ ಆಮ್ಲಜನಕದ ಯಂತ್ರ ಬೇಕು, ಹಗಲೂ ರಾತ್ರಿ ಅದರ ಕೊಳವೆ ಮೂಗಿನಲ್ಲಿರಬೇಕು ಎಂದರು ಡಾಕ್ಟರು. ಅಕ್ಕ ಅಳಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಕೇಳಿದಳು, “ಅದನ್ನ ಹಾಕ್ಕೊಳ್ಳೋ ಮುಂಚೆ ಒಂದ್ಸಲ ಆ ಕೆರೆಗೆ ಹೋಗಿ ಬರೋಣ್ವಾ?”

ಯಾವ ಕೆರೆ ಎಂದು ಭಾವ ಕೇಳಬೇಕಾಗಿರಲಿಲ್ಲ. ಮದುವೆಯಾದ ಹೊಸತರಲ್ಲಿ ಬೆಟ್ಟದ ಮೇಲಿನ ಒಂದು ಕೆರೆಯಲ್ಲಿ ಹೂತುಹೋದ ಲಾರಿಯನ್ನು ಎಳೆಯಲು ಹೋದವರು ಅಕ್ಕನನ್ನೂ ಜೊತೆಗೆ ಕೂರಿಸಿಕೊಂಡಿದ್ದರು. ಅಲ್ಲಿ ಇವರ ಲಾರಿಯೂ ಹೂತು, ಬೇರೆ ಗಾಡಿ ಬರುವವರೆಗೆ ಇಬ್ಬರೂ ನೀರಿನ ಪಕ್ಕ ಟಾರ್ಪಾಲಿನ ಕೆಳಗೆ ಮಲಗಿದ್ದರು. ಅವರ ಸಂಸಾರದಲ್ಲಿ ಪ್ರವಾಸ ಅಂತ ಆದದ್ದು ಅದೊಂದೇ. ಹಾಸಿಗೆಯಿಂದಲೇ ಕಣ್ಣು ಬಿಟ್ಟರೆ ನೀರು ಕಾಣಬೇಕು, ಅಷ್ಟೇ ಅವಳ ಆಸೆ. ಅಲ್ಲಿ ಉಳಿಯಲು ಒಂದು ಗುಡಿಸಲೂ ಇರಲಿಲ್ಲ. ದಾರಿಯೂ ದಾರಿಯ ಹಾಗೆ ಇರಲಿಲ್ಲ. ಟಾರ್ಪಾಲಿನ ಕೆಳಗೆ ಮಲಗುವ ಸ್ಥಿತಿಯಲ್ಲಿ ಅವಳೂ ಇರಲಿಲ್ಲ. ಹೀಗಾಗಿ ಕಾಡುದಾರಿಗೆ ತಾಳುವ, ತಮ್ಮ ಜೀಪಿನ ಹಿಂದೆ ಕಟ್ಟಿ ಎಳೆಯುವ, ಒಳಗೆ ಹಾಸಿಗೆಯಿರುವ ಪುಟ್ಟ ಟ್ರೇಲರ್ ಬೇಕೆಂದು ಭಾವ ತೀರ್ಮಾನಿಸಿದರು.

ಟ್ರೇಲರ್ ಆರಿಸುವ ದಿನ ನಾನೂ ಹೋಗಿದ್ದೆ. ಅಂಗಡಿಯ ಅಂಗಳದಲ್ಲಿ ಅವು ಸಾಲಾಗಿ ನಿಂತಿದ್ದವು. ಒಂದಕ್ಕೆ ಹಿಂಬಾಗಿಲು ತೆಗೆದರೆ ಅಡುಗೆಕಟ್ಟೆ, ಇನ್ನೊಂದಕ್ಕೆ ಬಣ್ಣದ ದೀಪ. ಭಾವ ಯಾವುದರ ಬಾಗಿಲನ್ನೂ ತೆಗೆಯಲಿಲ್ಲ. ಒಂದು ಗೋಣಿಚೀಲ ಹಾಸಿಕೊಂಡು ಪ್ರತಿಯೊಂದರ ಅಡಿಗೂ ಮಲಗಿದರು, ಬೆರಳಿನಿಂದ ಬಡಿದರು, ಎದ್ದರು, ಮುಂದಿನದಕ್ಕೆ ಹೋದರು.

“ಹೆಣ್ಣು ನೋಡಕ್ಕೆ ಬಂದು ಬರೀ ಕಾಲು ನೋಡ್ಕೊಂಡು ಹೋಗೋ ಹಾಗಿದೆ ಭಾವ,” ಎಂದೆ.

“ಮೇಲೆಲ್ಲಾ ಥಳುಕು, ಒಳಗೆಲ್ಲಾ ಹುಳುಕು,” ಎಂದರು ಅಡಿಯಿಂದಲೇ. “ಕಲ್ಲು ಹೊಡೆಯೋದು ಇಲ್ಲಿಗೆ. ಇದು ಗಟ್ಟಿ ಇರ್ಬೇಕು.”

ಕೊನೆಗೆ ಆರಿಸಿದ್ದು ನೋಡಲು ಏನೂ ಚೆಂದವಿಲ್ಲದ ಒಂದು ಬೂದು ಪೆಟ್ಟಿಗೆ. ದಪ್ಪ ಚಾಸಿ, ಎತ್ತರದ ಚಕ್ರ, ಹೊಟ್ಟೆಯ ಕೆಳಗೆ ಪೂರ್ತಿ ಉಕ್ಕಿನ ತಗಡು. ಅಕ್ಕ ಒಳಗೆ ಹತ್ತಿ ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿ ಕಿಟಕಿಯ ಪರದೆ ಸರಿಸಿದಳು. ಹೊರಗೆ ಕಾಣುತ್ತಿದ್ದದ್ದು ಹಳೆಯ ಟೈರುಗಳ ರಾಶಿ. “ಇಲ್ಲಿ ನೀರು ಬರುತ್ತೆ ಅಂದ್ಕೊಳ್ಳಿ,” ಎಂದಳು. ಭಾವ ಆ ಟೈರುಗಳನ್ನೇ ನೋಡುತ್ತಾ ನಿಂತುಬಿಟ್ಟರು. ಅವರ ಮುಖದಲ್ಲಿ ಅಷ್ಟು ಸಂತೋಷ ನಾನು ಮತ್ತೆ ಕಾಣಲಿಲ್ಲ.

ಆಮೇಲೆ ಸಂತೆ ಮೈದಾನದಲ್ಲಿ ಅಭ್ಯಾಸ ನಡೆಯಿತು. ಬೆಟ್ಟದಂಥ ಲಾರಿ ಎಳೆದವರಿಗೆ ಇದೇನು ಮಹಾ ಎಂದು ನಾನು ಅಂದುಕೊಂಡಿದ್ದೆ. ಆದರೆ ಜೀಪಿನ ಹಿಂದೆ ಅದರ ನಡತೆಯೇ ಬೇರೆ. ಭಾರವೆಲ್ಲ ಹಿಂದೆ ಬಿದ್ದರೆ ಬಾಲ ಆಡಿಸುತ್ತದೆ, ಅತಿಯಾಗಿ ಮುಂದೆ ಬಿದ್ದರೆ ಜೀಪು ಕುಂಡಿ ಊರುತ್ತದೆ. ಭಾವ ನೀರಿನ ಡ್ರಮ್ಮನ್ನು ಅಷ್ಟಷ್ಟೇ ಸರಿಸಿ ಮತ್ತೆ ಓಡಿಸಿ ನೋಡಿದರು. ಅಕ್ಕ ಕಟ್ಟೆಯ ಮೇಲೆ ಕೂತು, “ನನ್ನ ಇಷ್ಟು ಜೋಪಾನವಾಗಿ ಯಾವತ್ತಾದ್ರೂ ನೋಡ್ಕೊಂಡಿದ್ರಾ?” ಎಂದು ಕೂಗುತ್ತಿದ್ದಳು. ಕೂಗಿದ ಮೇಲೆ ಉಸಿರು ಹಿಡಿಯಲು ಅವಳಿಗೆ ತುಂಬ ಹೊತ್ತು ಬೇಕಾಗುತ್ತಿತ್ತು.

ಬೇಸಗೆ ಮುಗಿಯುವ ಮುಂಚೆ ಇಬ್ಬರೂ ಹೊರಟರು. ನನಗೆ ಕೆಲಸದಿಂದ ರಜೆ ಸಿಗಲಿಲ್ಲ. ದಾರಿಯಲ್ಲಿ ಆದದ್ದನ್ನು ಭಾವ ಒಂದೇ ಒಂದು ಸಲ ನನಗೆ ಹೇಳಿದ್ದಾರೆ. ನಾನು ಬರೆಯುತ್ತಿರುವುದು ಅಷ್ಟನ್ನೇ.

ಡಾಂಬರು ರಸ್ತೆ ಮುಗಿಯುವವರೆಗೆ ಅಕ್ಕ ಜೀಪಿನ ಮುಂದಿನ ಸೀಟಿನಲ್ಲೇ ಇದ್ದಳು, ಹಾಡು ಗುನುಗುತ್ತಿದ್ದಳಂತೆ. ಮಣ್ಣಿನ ಏರು ಶುರುವಾಗುತ್ತಲೇ ಹಿಟ್ಟಿನಂಥ ಕೆಂಪು ಧೂಳು ಎದ್ದಿತು. ಜೀಪು ಹಳೆಯದು, ಬಾಗಿಲುಗಳ ರಬ್ಬರು ಸವೆದುಹೋಗಿತ್ತು. ಸಂದಿಗಳಿಗೆ ಬಟ್ಟೆ ತುರುಕಿದರೂ ಧೂಳು ಒಳಗೆ ಬಂತು. ಅರ್ಧ ಏರು ದಾಟುವಷ್ಟರಲ್ಲಿ ಅಕ್ಕ ಕೆಮ್ಮತೊಡಗಿದಳು. ಕೂತು ಕೂತು ಎದೆ ಬೇರೆ ಹಿಡಿದುಕೊಂಡಿತ್ತು. ಭಾವ ಜೀಪು ನಿಲ್ಲಿಸಿ, ವಾಪಸ್ ಹೋಗೋಣ ಎಂದರು.

“ಇಲ್ಲಿ ತನಕ ಬಂದು ವಾಪಸ್ಸಾ? ನಾನು ಹಿಂದೆ ಮಲಗ್ತೀನಿ. ಅದು ಹೊಸದು, ಎಲ್ಲ ಭದ್ರವಾಗಿದೆ. ಅಲ್ಲಿಗೆ ಧೂಳು ಬರಲ್ಲ.”

“ಹಿಂದಿನ ಗಾಡೀಲಿ ಯಾರೂ ಕೂರಬಾರ್ದು.”

“ಕೂರಲ್ಲ ಅಂದ್ನಲ್ಲ, ಮಲಗ್ತೀನಿ,” ಎಂದು ನಕ್ಕಳಂತೆ. ನಗು ಕೆಮ್ಮಾಯಿತು. ತುಟಿ ನೀಲಿಗಟ್ಟಿದ್ದನ್ನು ಭಾವ ನೋಡಿದರು. ವಾಪಸ್ ಹೋದರೂ ಅದೇ ಜೀಪು, ಅದೇ ಧೂಳು. ಡಾಂಬರು ರಸ್ತೆಗಿಂತ ಕೆರೆಯೇ ಹತ್ತಿರ. ಅವರು ಕೊಂಡಿಯನ್ನು ಎರಡೆರಡು ಸಲ ನೋಡಿದರು, ಅದಕ್ಕೊಂದು ಸರಪಳಿಯನ್ನೂ ಬಿಗಿದರು. ಅಕ್ಕನನ್ನು ಎತ್ತಿ ಒಳಗೆ ಮಲಗಿಸಿದರು. ಉಸಿರಾಟಕ್ಕೆ ಗಾಳಿ ಇರಲಿ ಎಂದು, ಜೀಪಿನ ಚಕ್ರದ ಧೂಳು ಬರುವ ಮುಂದಿನ ಕಿಟಕಿ ಮುಚ್ಚಿ, ಹಿಂಬದಿಯ ಕಿಟಕಿಯನ್ನು ಒಂದು ಗೇಣು ತೆರೆದಿಟ್ಟರು. “ಏನಾದ್ರೂ ಆದ್ರೆ ಗೋಡೆ ಬಡಿ, ನಿಲ್ಲಿಸ್ತೀನಿ,” ಎಂದರು.

ಟ್ರೇಲರ್ ಅಂಗಡಿಯವನು ಆಮೇಲೆ ನನಗೆ ಬಿಡಿಸಿ ಹೇಳಿದ. ಮಣ್ಣುದಾರಿಯಲ್ಲಿ ಓಡುವ ಪೆಟ್ಟಿಗೆ ತನ್ನ ಬೆನ್ನ ಹಿಂದೆ ಧೂಳನ್ನು ಸುತ್ತಿಸಿಕೊಳ್ಳುತ್ತದೆ. ಹಿಂದೆ ಒಂದು ಸಂದಿ ಇದ್ದರೂ ಸಾಕು, ಅದನ್ನೆಲ್ಲ ಒಳಕ್ಕೆ ಎಳೆದುಕೊಳ್ಳುತ್ತದೆ. ತೆರೆಯುವುದಾದರೆ ಮುಂದಿನಿಂದ, ಎತ್ತರದಲ್ಲಿ ತೆರೆಯಬೇಕು. ಭಾವನಿಗೆ ಇದು ಗೊತ್ತಿರಲಿಲ್ಲ. ಜೀವಮಾನವಿಡೀ ಹಿಂದಿನ ಗಾಡಿಯಲ್ಲಿ ಒಂದು ನರಪಿಳ್ಳೆಯನ್ನೂ ಕೂರಿಸದವರಿಗೆ, ಅಲ್ಲಿ ಕೂತವರಿಗೆ ಏನಾಗುತ್ತದೆ ಎಂದು ಹೇಗೆ ಗೊತ್ತಿರಬೇಕು?

ಏರು ಕಡಿದಾಗಿತ್ತು, ಜೀಪು ಒಂದನೇ ಗೇರಿನಲ್ಲಿ ಅರಚುತ್ತಿತ್ತು. ಭಾವನ ಕಣ್ಣು ಕನ್ನಡಿಯಲ್ಲೇ ಇತ್ತು. ಧೂಳಿನ ನಡುವೆಯೂ ಟ್ರೇಲರ್ ಹಾದಿ ತಪ್ಪದೆ, ಓಲಾಡದೆ ಹಿಂದೆ ಬರುತ್ತಿತ್ತು. ಕೊನೆಯ ತಿರುವಿನಲ್ಲಿ ನಿಲ್ಲಿಸಿದರು. ಅದರಾಚೆ ಕೆರೆ. ಅವಳನ್ನು ಮುಂದೆ ಕೂರಿಸಿಕೊಂಡು ನೀರು ತೋರಿಸಬೇಕೆಂದು ಇಳಿದು ಬಂದು ಬಾಗಿಲು ತೆಗೆದರು.

ಹಾಸಿಗೆ, ಹೊದಿಕೆ, ಅಕ್ಕನ ಕೂದಲು, ರೆಪ್ಪೆ, ಎಲ್ಲ ಒಂದೇ ಬಣ್ಣವಾಗಿತ್ತು. ಜೀವ ಇತ್ತು. ಬಾಯಿ ತೆರೆದು ಗಾಳಿಗಾಗಿ ಒದ್ದಾಡುತ್ತಿದ್ದಳು. ಭಾವ ಮುಖ ತೊಳೆದರು, ಬೆನ್ನು ಉಜ್ಜಿದರು. ಚಕ್ರಗಳಿಗೆ ಕಲ್ಲು ಕೊಟ್ಟು ಟ್ರೇಲರನ್ನು ಅಲ್ಲೇ ಕಳಚಿ, ಅವಳನ್ನು ಮುಂದಿನ ಸೀಟಿನಲ್ಲಿ ಒರಗಿಸಿ ಬೆಟ್ಟ ಇಳಿದರು. ಡಾಂಬರು ಮುಟ್ಟುವಷ್ಟರಲ್ಲಿ ಅವಳ ಕೈ ಅವರ ತೋಳಿನಿಂದ ಜಾರಿತು. ಕೆರೆಯನ್ನು ಅವಳು ನೋಡಲೇ ಇಲ್ಲ.

ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಹೆಂಡತಿಯನ್ನು ಡಬ್ಬದಲ್ಲಿ ಹಾಕಿಕೊಂಡು ಹೋದ ಎಂದರು ನೆಂಟರು. ಅಕ್ಕ ಕಾಯಿಲೆ ಬಿದ್ದಾಗ ಒಂದು ದಿನ ಬಂದು ತಲೆ ಸವರಿದವರಲ್ಲ, ಇವರು! ನಾನು ಬಾಯಿಗೆ ಬಂದದ್ದು ಅಂದು ಕಳಿಸಿದೆ. ಭಾವ ಮಾತ್ರ ಮತ್ತೆ ಲಾರಿ ಹತ್ತಿ ಕೆಲಸಕ್ಕೆ ಹೋದರು. ಗ್ಯಾರೇಜಿನವರು ಬೆಟ್ಟಕ್ಕೆ ಹೋಗಿ ಟ್ರೇಲರನ್ನು ಎಳೆದು ತಂದು ಹಿತ್ತಿಲಲ್ಲಿ ನಿಲ್ಲಿಸಿದರು. ಅದರ ಹತ್ತಿರ ಭಾವ ಸುಳಿಯಲಿಲ್ಲ.

ಒಂದು ಭಾನುವಾರ ನನ್ನನ್ನು ಕರೆದರು. “ಒಳಗೆ ಅವಳ ಬಟ್ಟೆ ಇದೆ. ನಂಗೆ ಹೋಗಕ್ಕಾಗಲ್ಲ. ನೀನು ತೆಗಿ.” ಆವತ್ತೇ ಗೋಡೆಗೆ ಒರಗಿ ನಿಂತು ದಾರಿಯ ಕತೆ ಹೇಳಿದರು. ಕೊನೆಗೆ ಇದನ್ನೂ ಹೇಳಿದರು.

“ಏರು ಹತ್ತೋವಾಗ ಠಕ್ ಠಕ್ ಅಂತ ಕೇಳ್ತಿತ್ತು. ಅಡಿಗೆ ಕಲ್ಲು ಹೊಡೀತಿದೆ ಅಂದ್ಕೊಂಡೆ. ಹೊಡೀಲಿ, ಗಟ್ಟಿ ಇದೆ ಅಂದ್ಕೊಂಡೆ.”

ನಾನು ಬಕೆಟ್ಟು, ಬಟ್ಟೆ ಹಿಡಿದು ಒಳಗೆ ಹೋದೆ. ಧೂಳು ಹಾಗೇ ಕೂತಿತ್ತು. ದಿಂಬಿನ ಮೇಲಿನ ಮುಂಗೋಡೆಯಲ್ಲಿ, ಮಲಗಿದವಳ ಕೈ ಎಟುಕುವಷ್ಟು ಎತ್ತರದಲ್ಲಿ, ಬೆರಳ ಗೆಣ್ಣಿನ ಗುರುತುಗಳಿದ್ದವು. ಒಂದೆರಡಲ್ಲ. ಕೆಳಗೆ ಬರುತ್ತಾ ಅವು ಅಂಗೈಯ ಗುರುತುಗಳಾಗಿದ್ದವು. ನನ್ನ ಬಾಯಿಂದ ದನಿ ಹೊರಡದ ಹಾಗೆ ಸೆರಗನ್ನು ಕಚ್ಚಿಕೊಂಡೆ. ಆಮೇಲೆ ಬಟ್ಟೆ ನೆನೆಸಿ ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ಒರೆಸಿದೆ.

ಹೊರಗೆ ಬಂದಾಗ ಭಾವ ಬಾಗಿಲ ಹತ್ತಿರ ಬಂದು ನಿಂತಿದ್ದರು.

“ಬಡಿದಿದ್ಲಾ?”

“ಇಲ್ಲ ಭಾವ. ಕಲ್ಲೇ ಇರ್ಬೇಕು.”

ಅವರು ನನ್ನ ಮುಖ ನೋಡಲಿಲ್ಲ. ನನ್ನ ಕೈಯಲ್ಲಿದ್ದ, ಕೆಂಪು ನೀರು ತೊಟ್ಟಿಕ್ಕುವ ಬಟ್ಟೆ ನೋಡಿದರು.

“ಒರೆಸ್ಬಿಟ್ಯಾ?”

“ಹೂಂ.”

“ಒಳ್ಳೇದಾಯ್ತು ಬಿಡಮ್ಮ,” ಎಂದು ಬಕೆಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡರು.