ಬದರಿನಾಥ ಕಾರಿಗೆ ನ್ಯಾವಿಗೇಷನ್ ಹಾಕಿಸಿದ್ದು

ಬದರಿನಾಥನಿಗೆ ಚಿಕ್ಕಂದಿನಿಂದ ಉಗ್ಗು. ಮೈಲಾಪೂರಿನಲ್ಲೇ ಬೆಳೆದವನು. ಬ್ಯಾಂಕಿನ ಲೆಕ್ಕಪತ್ರ ವಿಭಾಗದಲ್ಲಿ ಹೆಚ್ಚು ಮಾತಿನ ಗೋಜಿಲ್ಲದೆ ಅರ್ಧ ಸರ್ವೀಸು ಮುಗಿಸಿದ್ದ. ೨೦೦೯ರಲ್ಲಿ ಬಡ್ತಿ ಬಂತು. ಸಾಲ ಪಡೆದ ಕಾರ್ಖಾನೆಗಳಿಗೆ ಹೋಗಿ ತಪಾಸಣೆ ಮಾಡುವ ಕೆಲಸ. ಊರಾಚೆಯ ಗುರುತಿಲ್ಲದ ರಸ್ತೆಗಳು.

ಮೊದಲ ವಾರವೇ ವೇಲಚೇರಿಯಲ್ಲಿ ಕಾರು ನಿಲ್ಲಿಸಿ ಪೆರುಂಗುಡಿಗೆ ದಾರಿ ಕೇಳಲು ಹೋದ. “ಪೆ... ಪೆ...” ಎನ್ನುವಷ್ಟರಲ್ಲಿ ಹೂ ಮಾರುವವನು “ಪೆರಂಬೂರಾ ಸಾರ್?” ಎಂದು ಹಿಂದಕ್ಕೆ ಕೈ ತೋರಿಸಿದ. ಅಲ್ಲ ಎನ್ನಲಾಗದೆ ಬದರಿನಾಥ ತಲೆಯಾಡಿಸಿ, ಕಾರು ತಿರುಗಿಸಿಕೊಂಡು ಅದೇ ದಿಕ್ಕಿಗೆ ಹೊರಟುಬಿಟ್ಟ.

ಆ ಸಂಜೆ ಹೆಂಡತಿ ಭಾವನಾಳಿಗೆ ಹೇಳಿದ, “ನಮ್ಮ ಕಾರಲ್ಲೇ ದುಬಾರಿ ಮಾಡಲ್ ಇದೆಯಲ್ಲ, ಅದರಲ್ಲಿ ಕಂಪನಿಯವರೇ ನ್ಯಾವಿಗೇಷನ್ ಕೊಡ್ತಾರೆ. ಅದನ್ನ ಹಾ... ಹಾಕಿಸ್ತೀನಿ.”

“ಗಾಜಿಗೆ ಅಂಟಿಸೋದು ಸಿಗತ್ತಲ್ರೀ?”

ಸಹೋದ್ಯೋಗಿಯಿಂದ ಅಂಥದ್ದೊಂದನ್ನು ತಂದು ನೋಡಿದ್ದ. ಬಿಸಿಲಿಗೆ ಅಂಟು ಬಿಟ್ಟು, ಸಿಗ್ನಲ್ಲಿನಲ್ಲಿ ಬ್ರೇಕಿನ ಹತ್ತಿರ ಬಿದ್ದಿತ್ತು.

“ಹಾಗಾದ್ರೆ ನಾನೇ ಫೋನ್ ಮಾಡಿ ಕೇಳ್ಲಾ?”

“ಬೇಡ. ನಾನೇ ಹೋಗ್ತೀನಿ.”

ಶೋರೂಮಿನಲ್ಲಿ ಸೇಲ್ಸಿನ ಹುಡುಗ ಅವನ ಮಾತನ್ನು ತಾನೇ ಮುಗಿಸಲು ನೋಡಿದ. ಸ್ಟೀರಿಯೋನಾ? ಸೀಟ್ ಕವರಾ? ಕೊನೆಗೆ ವಿಷಯ ತಿಳಿದಾಗ “ಮುಡಿಯಾದು ಸಾರ್” ಎಂದ. ಆಗುವುದಿಲ್ಲ, ಬೇಕಿದ್ದರೆ ಮೊದಲೇ ಆ ಮಾಡಲ್ ಕೊಳ್ಳಬೇಕಿತ್ತು.

ಮರುದಿನ ಬದರಿನಾಥ ರಜೆ ಹಾಕಿ ಗಿಂಡಿಯ ಸರ್ವೀಸ್ ಸೆಂಟರಿಗೆ ಹೋದ. ಅಲ್ಲಿನ ಸೂಪರ್‌ವೈಸರ್ ವೆಂಕಟಲಕ್ಷ್ಮಿ ಕೈಯಲ್ಲಿದ್ದ ಕೆಲಸ ಬಿಟ್ಟು, ಅವನು ಹೇಳಿ ಮುಗಿಸುವವರೆಗೂ ಸುಮ್ಮನೆ ಕೇಳಿಸಿಕೊಂಡಳು. ಡ್ಯಾಶ್‌ಬೋರ್ಡ್ ಬಿಚ್ಚಿಸಿದಳು. ಒಳಗೆ ನ್ಯಾವಿಗೇಷನ್ ಪರದೆಗೆ ಬೇಕಾದ ವೈರು ಟೇಪು ಸುತ್ತಿಕೊಂಡು ಕೂತೇ ಇತ್ತು.

“ವೈರ್ ಇದೆ. ಸ್ಕ್ರೀನು, ಆಂಟೆನಾ ತರಿಸಬೇಕು. ಆದ್ರೆ ನಮ್ಮ ಮ್ಯಾನೇಜರ್ ಒಪ್ಪಬೇಕಲ್ಲ” ಎಂದಳು ತಮಿಳಿನಲ್ಲಿ.

ಮ್ಯಾನೇಜರ್ ಸದಾನಂದ ಒಪ್ಪಲಿಲ್ಲ. ಆಮೇಲೆ ಹಾಕಿಸಿದರೆ ವಾರಂಟಿ ಹೋಗುತ್ತದೆ ಎಂದ. ಸುತ್ತ ಗಿರಾಕಿಗಳು ಬಿಲ್ಲಿಗೆ ಕಾಯುತ್ತಿದ್ದರು. ಎಲ್ಲರೂ ಇತ್ತ ತಿರುಗಿದರು. ಬದರಿನಾಥನ ಕಿವಿ ಕೆಂಪಾಯಿತು. ಎಂದಿನಂತೆ ತಲೆಯಾಡಿಸಿ ಹೊರಟುಹೋಗಬಹುದಿತ್ತು.

“ಪಾ... ಪಾರ್ಟು ನಿಮ್ಮ ಕಂಪನೀದು” ಎಂದ. “ಹಾಕೋರು ನಿಮ್ಮ ಮೆ... ಮೆ...”

“ಮೆಕ್ಯಾನಿಕ್, ಸರಿ, ಆದ್ರೆ...” ಎಂದ ಸದಾನಂದ.

ಬದರಿನಾಥ ಕೈ ಎತ್ತಿ ತಡೆದ. “ನಾನು ಮು... ಮುಗಿಸ್ತೀನಿ. ನಿಮ್ಮ ಮೆಕ್ಯಾನಿಕ್. ಮತ್ತೆ ವಾರಂಟಿ ಯಾಕೆ ಹೋಗತ್ತೆ? ಕಂಪನಿಯನ್ನ ಕೇಳಿ. ಉತ್ತರ ಬರೋ ತನಕ ಇಲ್ಲೇ ಕೂತಿರ್ತೀನಿ.”

ಕೂತೇ ಬಿಟ್ಟ. ಮಧ್ಯಾಹ್ನದ ಊಟದ ಹೊತ್ತು ದಾಟಿದ ಮೇಲೆ ಕಂಪನಿಯಿಂದ ಉತ್ತರ ಬಂತು: ಅವರ ಸರ್ವೀಸ್ ಸೆಂಟರಿನಲ್ಲೇ ಹಾಕಿಸಿದರೆ ವಾರಂಟಿಗೆ ತೊಂದರೆಯಿಲ್ಲ.

ಸಾಮಾನು ಬರುವುದು ತಡವಾಯಿತು. ಬಂದ ಮೇಲೂ ಪರದೆ ಮೊದಲು ಕಾರನ್ನು ಬಂಗಾಳಕೊಲ್ಲಿಯ ನಡುವೆ ತೋರಿಸಿತು. ಭಾವನಾ ನಕ್ಕಳು. ಅವನೂ ನಕ್ಕ, ಆದರೆ ಕಾರನ್ನು ಮತ್ತೆ ಗಿಂಡಿಗೆ ಒಯ್ದ. ವೆಂಕಟಲಕ್ಷ್ಮಿ ಆಂಟೆನಾ ಬದಲಿಸಿ, ಸಾಫ್ಟ್‌ವೇರ್ ಮತ್ತೆ ಹಾಕಿಸಿದಳು. ಈ ಸಲ ಬಾಣದ ಗುರುತು ಗಿಂಡಿಯ ರಸ್ತೆಯ ಮೇಲೆಯೇ ಬಂದು ನಿಂತಿತು.

ಮುಂದಿನ ಸೋಮವಾರ ಬದರಿನಾಥ ಒಬ್ಬನೇ ಶ್ರೀಪೆರಂಬದೂರಿನ ಕಡೆ ಹೊರಟ. ತಿರುವುಗಳನ್ನು ಕಾರು ಹೇಳಿತು. ನೆತ್ತಿ ಸುಡುವ ಬಿಸಿಲಿನಲ್ಲಿ ಕಾರ್ಖಾನೆಯ ಗೇಟು ಸಿಕ್ಕಿತು. ವಾಚ್‌ಮನ್ ಎದ್ದು ಬಂದು ಯಾರೆಂದು ಕೇಳಿದ. ಬದರಿನಾಥ ಕಾರಿನಿಂದಿಳಿದು, ಉಸಿರೆಳೆದುಕೊಂಡು, ತನ್ನ ಹೆಸರು ಹೇಳತೊಡಗಿದ.