ಬೀಳದ ಮ್ಯಾಗಜೀನು

ನಮ್ಮ ಪಡೆಯ ಹೆಡ್ ಕಾನ್‌ಸ್ಟೆಬಲ್ ಆಶಾರಾಣಿಯವರ ಕೈಗೆ ಸಿಕ್ಕ ಯಾವ ಕಬ್ಬಿಣವೂ ಕಿರುಗುಟ್ಟಿದ್ದನ್ನು ನಾನು ಕೇಳಿಲ್ಲ. ಟ್ರಂಕಿನ ಬೀಗ, ಸ್ಕೂಟರಿನ ಸ್ಟ್ಯಾಂಡು, ಬ್ಯಾರಕ್ಕಿನ ಕಿಟಕಿಯ ಚಿಲಕ, ಎಲ್ಲಕ್ಕೂ ಅವರದು ಒಂದೇ ಮದ್ದು, ಕೊಬ್ಬರಿ ಎಣ್ಣೆ. ಚನ್ನರಾಯನದುರ್ಗದ ಪಕ್ಕದ ತವರಿನಲ್ಲಿ ತಾಯಿ ಮಾರಕ್ಕ ಗಾಣದಲ್ಲಿ ಆಡಿಸಿ, ಬಾಟಲಿಗೆ ತುಂಬಿ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದರು. ಕೊರಟಗೆರೆಯ ಹೈಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಸೈಕಲ್ಲಿನ ಚೈನಿಗೂ ಇದೇ ಎಣ್ಣೆಯಂತೆ. ಆ ಚೈನು ಒಂದು ದಿನವೂ ಕೈಕೊಡಲಿಲ್ಲ ಎಂದು ಈಗಲೂ ಹೇಳುತ್ತಾರೆ.

ನಾನು ನರಸಿಂಹರಾಜು, ಶಿರಾದವನು, ಅದೇ ಪಡೆಯವನು. ಪಿಸ್ತೂಲು ಹಿಡಿದರೆ ನಾನು ಅಷ್ಟಕ್ಕಷ್ಟೇ, ಬಾಯಿ ಜೋರು. ಆಶಾರಾಣಿಯವರು ಅದಕ್ಕೆ ಪೂರ್ತಿ ಉಲ್ಟಾ. ತರಬೇತಿಯಲ್ಲಿ ಮೊದಲ ಸಲ ಪಿಸ್ತೂಲು ಕೈಗೆ ಕೊಟ್ಟಾಗಲೇ ಗುಂಡುಗಳು ಒಂದರ ಪಕ್ಕ ಒಂದು ಕೂತವಂತೆ. ರಾಜ್ಯಮಟ್ಟದ ಪೊಲೀಸ್ ಶೂಟಿಂಗ್ ಸ್ಪರ್ಧೆಗೆ ಹೋಗಬೇಕು ಎನ್ನುವುದು ಅಂದಿನಿಂದ ಇದ್ದ ಆಸೆ. ಒಂದು ಸಲ ಹೆಸರು ಬಂದಾಗ ಬಸುರಿ. ಇನ್ನೊಂದು ಸಲ ಮಾರಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಈಗ ವಯಸ್ಸು ನಲವತ್ತರ ಹತ್ತಿರ. ಕಳೆದ ಡಿಸೆಂಬರಿನ ಆಯ್ಕೆ ಶಿಬಿರಕ್ಕೆ ಬಂದಾಗ ನನಗೆ ಬಾಯಿಬಿಟ್ಟು ಹೇಳಿದರು, "ರಾಜಣ್ಣ, ಇದೊಂದ್ಸಲ ಆಗ್ಲಿಲ್ಲ ಅಂದ್ರೆ ಇನ್ನು ಇಲ್ಲ ಕಣಪ್ಪ."

ಶಿಬಿರ ಪುರವರದ ಆಚೆ, ಬಂಡೆಗಳ ಬುಡದಲ್ಲಿ. ಮಹಿಳೆಯರಿಗೆ ಇದ್ದದ್ದು ಒಂದೇ ಜಾಗ, ಬಂದವರು ಇಬ್ಬರು. ಎರಡನೆಯವಳು ಬಿಂದುಶ್ರೀ, ಪಾವಗಡದ ನಾಗಲಮಡಿಕೆ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಮೂರು ವರ್ಷವೂ ಆಗಿರಲಿಲ್ಲ. ಮಾತಿಗೆ ಮುಂಚೆ ನಗು. ಗುರಿ ಮಾತ್ರ ಭಯಂಕರ. ಇಬ್ಬರೂ ಒಂದೇ ಕೋಣೆಯಲ್ಲಿದ್ದರು, ಒಂದೇ ತಟ್ಟೆಯಲ್ಲಿ ಉಂಡರು ಅಂದರೂ ತಪ್ಪಲ್ಲ. ದಿನಾ ಸಂಜೆ ಆಯುಧ ಒರೆಸುವ ಹೊತ್ತಿಗೆ ಸರಿಯಾಗಿ ಬಿಂದುಶ್ರೀಗೆ ತಾಯಿಯ ಫೋನು ಬರುತ್ತಿತ್ತು. "ಅಕ್ಕಾ, ನಂದೂ ಒಂಚೂರು ಒರೆಸಿಬುಡು," ಎಂದು ತನ್ನ ಮ್ಯಾಗಜೀನುಗಳನ್ನು ಇವರ ಮುಂದೆ ಸುರಿದು ಓಡುವಳು. ಇವರು ಬೈದುಕೊಂಡೇ ಒರೆಸುವರು.

ಮ್ಯಾಗಜೀನು ಎಂದರೆ ಗುಂಡು ತುಂಬಿ ಪಿಸ್ತೂಲಿನ ಹಿಡಿಕೆಯೊಳಗೆ ತಳ್ಳುವ ಉದ್ದನೆಯ ತಗಡಿನ ಡಬ್ಬಿ. ನಮ್ಮ ಪಂದ್ಯದಲ್ಲಿ ಒಂದನ್ನು ಖಾಲಿ ಮಾಡಿ, ಹೆಬ್ಬೆರಳಿನಿಂದ ಗುಂಡಿ ಒತ್ತಿ ಉದುರಿಸಿ, ಇನ್ನೊಂದನ್ನು ಸೇರಿಸಿ, ಸೀಟಿ ಊದುವುದರೊಳಗೆ ಮತ್ತೆ ಹಾರಿಸಬೇಕು. ಗುಂಡಿ ಒತ್ತಿದರೆ ಡಬ್ಬಿ ತಾನಾಗಿ ಬೀಳಬೇಕು. ಗಂಡಸರದು ಬೀಳುತ್ತಿತ್ತು. ಆ ಇಬ್ಬರು ಹೆಂಗಸರದು ಎರಡನೆಯ ದಿನದ ಬೆಳಗಿನ ಅಭ್ಯಾಸದಿಂದಲೇ ಬೀಳಲಿಲ್ಲ. ಅರ್ಧ ಇಳಿದು ಅಲ್ಲೇ ನಿಲ್ಲುತ್ತಿತ್ತು. ಬಿಂದುಶ್ರೀ ಕೊಡವಿದಳು, ತಟ್ಟಿದಳು, ಅಷ್ಟರಲ್ಲಿ ಸೀಟಿ.

ಆಯುಧ ರಿಪೇರಿಯ ಕದರಪ್ಪ ಪುರವರದಿಂದ ಬರುವಷ್ಟರಲ್ಲಿ ಬಿಸಿಲು ಚೆನ್ನಾಗಿ ಏರಿರುತ್ತಿತ್ತು. ಡಬ್ಬಿ ಎಲ್ಲಾದರೂ ನೆಗ್ಗಿದೆಯೇ ಎಂದು ಬೆರಳಾಡಿಸಿ ನೋಡಿದ. ಬಾಯಿ ಅಗಲವಾಗಿದೆಯೇ ಎಂದು ಅಳೆದ. ಗುಂಡಿಯ ಸ್ಪ್ರಿಂಗು ಬದಲಿಸಿದ. ತುಂಬಿದ್ದನ್ನೂ ಖಾಲಿಯನ್ನೂ ಹಾಕಿ ಹಾಕಿ ಉದುರಿಸಿದ. ಎಲ್ಲವೂ ಟಪ್ಪನೆ ಬಿದ್ದವು. ಆಶಾರಾಣಿಯವರ ಪಿಸ್ತೂಲಿಗೆ ನನ್ನ ಮ್ಯಾಗಜೀನು, ನನ್ನ ಪಿಸ್ತೂಲಿಗೆ ಇವರದು ಹಾಕಿಯೂ ನೋಡಿದ. ಎಲ್ಲವೂ ಸರಿ. "ಖಾಲಿ ಡಬ್ಬಿ ಹಗುರ, ಒಂದೊಂದ್ಸಲ ಹಿಡ್ಕಂತದೆ. ಆದ್ರೆ ಇದ್ರಾಗೆ ಏನೂ ಕಾಣ್ತಿಲ್ಲ ಸಾರ್," ಎಂದು ಕೈ ಒರೆಸಿಕೊಂಡ. ಇದೇ ಪರೀಕ್ಷೆಯನ್ನು ಬೆಳಗಿನ ಚಳಿಯಲ್ಲಿ ಮಾಡಬೇಕು ಎಂದು ನಮ್ಮಲ್ಲಿ ಒಬ್ಬರ ತಲೆಗೂ ಹೋಗಲಿಲ್ಲ.

ಶಿಬಿರದ ಇನ್‌ಸ್ಪೆಕ್ಟರ್ ಚಂದ್ರಶೇಖರ್ ಸಾಹೇಬರು ಕೆಟ್ಟವರಲ್ಲ, ಅವಸರದವರು. ಆಯುಧ ಸರಿಯಿದ್ದ ಮೇಲೆ ತಪ್ಪು ಕೈಯದು ಎಂದು ತೀರ್ಮಾನಿಸಿದರು. ಹೆಣ್ಣು ಕೈ, ಗಿಡ್ಡ ಹೆಬ್ಬೆರಳು, ಗುಂಡಿಯನ್ನು ಪೂರ್ತಿ ಒತ್ತುವುದಿಲ್ಲ ಎಂದರು. ನಾವು ಗಂಡಸರು ತಲೆಯಾಡಿಸಿದೆವು. ಅದು ನಮಗೆ ಕೇಳಲು ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆಶಾರಾಣಿಯವರು ಅನುಭವಸ್ಥರು. ಡಬ್ಬಿ ಬೀಳದಿದ್ದರೆ ಎಡಗೈಯಿಂದ ಕಿತ್ತೆಸೆಯುವುದನ್ನು ನಾಲ್ಕು ದಿನದಲ್ಲಿ ರೂಢಿ ಮಾಡಿಕೊಂಡರು. ಬಿಂದುಶ್ರೀಗೆ ಅದು ಒಗ್ಗಲಿಲ್ಲ, ಕೀಳುವಷ್ಟರಲ್ಲಿ ಗುರಿ ಅಲುಗುತ್ತಿತ್ತು. ಶನಿವಾರ ಫಲಿತಾಂಶ ಓದಿದರು. ಮಹಿಳಾ ವಿಭಾಗಕ್ಕೆ ಆಶಾರಾಣಿ. ಬಿಂದುಶ್ರೀ ಸೋಮವಾರದಿಂದ ಮತ್ತೆ ಗಾರ್ಡ್ ಡ್ಯೂಟಿಗೆ. ಜೊತೆಗೆ ಒಂದು ಷರಾ, ಕೈಯಲ್ಲಿ ಬಲ ಸಾಲದು. ಅಂಥ ಷರಾ ಒಮ್ಮೆ ಬಿದ್ದರೆ ಮುಂದಿನ ಯಾವ ಶಿಬಿರಕ್ಕೂ ಕರೆಯುವುದಿಲ್ಲ ಎನ್ನುವುದು ನಮಗೆಲ್ಲ ಗೊತ್ತು. ಆಶಾರಾಣಿಯವರು ಆ ಸಂಜೆ ಮಾರಕ್ಕನಿಗೆ ಫೋನ್ ಮಾಡಿ ಸುದ್ದಿ ಹೇಳುವಾಗ ದನಿ ತಗ್ಗಿಸಿದ್ದರು, ಪಕ್ಕದಲ್ಲಿ ಹುಡುಗಿ ಇದ್ದಳಲ್ಲ.

ಭಾನುವಾರ ರಜೆ. ಆಶಾರಾಣಿಯವರು ಬೆಳಕು ಹರಿಯುವ ಮುಂಚೆಯೇ ಎದ್ದು, ಪ್ರಯಾಣಕ್ಕೆ ಕಟ್ಟಿಡಬೇಕೆಂದು ಆಯುಧದ ಕೋಣೆಯಿಂದ ತಮ್ಮ ಪಿಸ್ತೂಲು ತರಿಸಿಕೊಂಡು ಒರೆಸಲು ಕೂತರಂತೆ. ಇದನ್ನು ಆಮೇಲೆ ಅವರೇ ನನಗೆ ಹೇಳಿದ್ದು. ಅಲ್ಲಿಯವರೆಗೆ ಒರೆಸಿದ್ದೆಲ್ಲ ಬಂಡೆಗಳ ಕಾವು ಆರದ ಸಂಜೆಯಲ್ಲಿ. ಚಳಿಯಲ್ಲಿ ಬಿಚ್ಚಿದ್ದು ಅದೇ ಮೊದಲು. ಡಬ್ಬಿಯ ಮೈಮೇಲೂ ಅದು ಜಾರಿಹೋಗುವ ಹಿಡಿಕೆಯ ಒಳಗೋಡೆಗೂ ಬೆಳ್ಳಗೆ, ಮಸಿ ಬೆರೆತ ಮೇಣದಂಥದ್ದು ಮೆತ್ತಿಕೊಂಡಿತ್ತು. ಬಟ್ಟೆಯಿಂದ ಉಜ್ಜಿದರೆ ಹೋಗಲಿಲ್ಲ. ತಲೆಗೆ ಹಚ್ಚುವ ಎಣ್ಣೆಯ ಬಾಟಲಿ ಅಲ್ಲೇ ಕಿಟಕಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಚಳಿಗಾಲದಲ್ಲಿ ಅದನ್ನು ಬಿಸಿಲಿಗಿಟ್ಟು ಕರಗಿಸಿಕೊಳ್ಳದ ಮನೆ ನಮ್ಮ ಸೀಮೆಯಲ್ಲಿ ಯಾವುದು? ಇಲಾಖೆ ಕೊಡುವ ಎಣ್ಣೆ ತೆಳ್ಳಗೆ, ನಾತ ಬೇರೆ ಎಂದು ಇವರು ಮುಟ್ಟುತ್ತಿರಲಿಲ್ಲ. ಮ್ಯಾಗಜೀನನ್ನೂ ಪಿಸ್ತೂಲನ್ನೂ ಹಿತ್ತಿಲ ಗೋಡೆಯ ಮೇಲಿಟ್ಟು ಬಿಸಿಲು ಬರುವವರೆಗೆ ಕಾದರು. ಬೆಳ್ಳಗಿದ್ದದ್ದು ನೀರಾಗಿ ಹರಿಯಿತು, ಸೇರಿಸಿ ಗುಂಡಿ ಒತ್ತಿದರೆ ಡಬ್ಬಿ ಹಿಡಿಕೆಯೊಳಗಿಂದ ಸಲೀಸಾಗಿ ಜಾರಿ ಅಂಗೈಗೆ ಬಿತ್ತು.

ಅಂದರೆ ಬೆಳಿಗ್ಗೆಯೇ ಗೊತ್ತಾಗಿತ್ತು. ಹೇಳಿದರೆ ಮರುಪರೀಕ್ಷೆ, ಮರುಪರೀಕ್ಷೆಯಾದರೆ ಜಾಗ ಬಿಂದುಶ್ರೀಯದು, ಇದು ಅವರಿಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ. ಜೊತೆಗೆ ಎದುರಾಳಿಯ ಆಯುಧ ಬೇಕೆಂತಲೇ ಕೆಡಿಸಿದಳು ಎಂಬ ಮಾತು ಬರದೆ ಇರುತ್ತದೆಯೇ? ನಾನೇ ಆ ಜಾಗದಲ್ಲಿದ್ದಿದ್ದರೆ ಬಾಟಲಿಗೆ ಬಿರಡೆ ಹಾಕಿ ಸುಮ್ಮನಿರುತ್ತಿದ್ದೆ. ಆ ದಿನ ಮಧ್ಯಾಹ್ನ ಅವರು ಊಟಕ್ಕೆ ಬರಲಿಲ್ಲ. ತಲೆನೋವು ಎಂದರು. ಹಿತ್ತಿಲಲ್ಲೇ ಕೂತಿದ್ದರು.

ಸಂಜೆ, ನಾನು ಹಾಜರಿ ಕೊಡಲು ಸಾಹೇಬರ ಕೋಣೆಯಲ್ಲಿದ್ದಾಗ, ಒಳಗೆ ಬಂದು ಮ್ಯಾಗಜೀನನ್ನೂ ಬಾಟಲಿಯನ್ನೂ ಮೇಜಿನ ಮೇಲಿಟ್ಟು ನೇರ ನಿಂತರು.

"ಸಾರ್, ಬಿಂದು ಕೈಯಾಗೆ ಏನೂ ತಪ್ಪಿಲ್ಲ. ನಾನು ಕೊಬ್ಬರಿ ಎಣ್ಣೆ ಹಚ್ತಿದ್ದೆ. ಬೆಳಗಿನ ಚಳಿಗೆ ಹೆಪ್ಪುಗಟ್ಟಿ ಹಿಡ್ಕಂತಿತ್ತು. ಕದರಪ್ಪ ನೋಡೋ ಹೊತ್ಗೆ ಕರಗೋಗಿರೋದು."

ಸಾಹೇಬರು ಬಾಟಲಿಯನ್ನು ತಿರುಗಿಸಿ ನೋಡಿದರು. "ಸರ್ಕಾರಿ ಪಿಸ್ತೂಲಿಗೆ ತಲೆಗೆ ಹಚ್ಚೋ ಎಣ್ಣೆ ಹಾಕ್ತೀರೇನ್ರೀ? ಅವಳ ಮ್ಯಾಗಜೀನಿಗೂ ನೀವೇ ಹಾಕಿದ್ದಾ?"

"ಹೂಂ ಸಾರ್. ನಂದಕ್ಕೂ ಹಾಕಿದ್ದೆ."

"ಬೇಕಂತ ಮಾಡಿದ್ರಿ ಅಂತ ಜನ ಅಂದ್ರೆ?"

"ಅಂದ್ಕಳ್ಲಿ ಸಾರ್. ಆ ಷರಾ ಒಂದು ತೆಗೆದ್ಬುಡಿ."

ಸಾಹೇಬರು ಕಾರಣ ಕೇಳಿ ನೋಟೀಸು ಕೊಡುತ್ತೇನೆಂದು ಗದರಿದರು, ಆದರೆ ಮರುಪರೀಕ್ಷೆಗೂ ಒಪ್ಪಿದರು. ಸೀಮೆಎಣ್ಣೆಯಲ್ಲಿ ತೊಳೆಸಿ ಒಣಗಿಸಿದ ಮ್ಯಾಗಜೀನುಗಳು ಸೋಮವಾರ ಬೆಳಗಿನ ಅದೇ ಚಳಿಯಲ್ಲಿ ಗುಂಡಿ ಮುಟ್ಟಿದರೆ ಸಾಕು, ಬೀಳುತ್ತಿದ್ದವು. ಬಿಂದುಶ್ರೀಯ ಹೆಬ್ಬೆರಳು ನಮ್ಮೆಲ್ಲರ ಹೆಬ್ಬೆರಳಿಗಿಂತ ಚುರುಕಾಗಿತ್ತು. ಆಶಾರಾಣಿಯವರೂ ಚೆನ್ನಾಗಿಯೇ ಹಾರಿಸಿದರು. ಹುಡುಗಿ ಅವರಿಗಿಂತ ಚೆನ್ನಾಗಿ ಹಾರಿಸಿದಳು. ಷರಾ ಹೋಯಿತು, ಜಾಗವೂ ಹೋಯಿತು. ನನಗೆ ಹೊಟ್ಟೆ ಉರಿಯಿತು, ಯಾರ ಮೇಲೆ ಎಂದು ಕೇಳಬೇಡಿ. ಊಟದ ಸಾಲಿನಲ್ಲಿ ಆಗಲೇ ಪಿಸುಪಿಸು ಶುರುವಾಗಿತ್ತು.

ತಂಡದ ವ್ಯಾನು ಹೊರಡುವಾಗ ಆಶಾರಾಣಿಯವರು ಹುಡುಗಿಯ ಚೀಲ ಎತ್ತಿಕೊಡಲು ಬಂದರು. ಬೆಳಗಿನಿಂದ ಇಬ್ಬರೂ ಮಾತಾಡಿರಲಿಲ್ಲ. ಬಿಂದುಶ್ರೀ ಚೀಲ ಬಿಡಲಿಲ್ಲ.

"ಅಕ್ಕಾ, ಒಂದು ಕೇಳ್ತೀನಿ. ನಿಂಗೆ ನಿನ್ನೆ ಗೊತ್ತಾಯ್ತು ಅಂದ್ರು. ಯಾವಾಗ?"

ಸಂಜೆ ಎಂದರೆ ಮುಗಿಯುತ್ತಿತ್ತು. ಅದನ್ನು ಅಲ್ಲಗಳೆಯುವವರು ಯಾರೂ ಇರಲಿಲ್ಲ.

"ಬೆಳಿಗ್ಗೆ ಕಣಮ್ಮ," ಅಂದರು ಆಶಾರಾಣಿ. "ಹೊತ್ತುಟ್ಟೋ ಮುಂಚೇನೇ."

ಬಿಂದುಶ್ರೀಯ ಕಣ್ಣು ತುಂಬಿತು. "ನಿನ್ನೆ ಮಧ್ಯಾಹ್ನ ಅಮ್ಮನಿಗೆ ಫೋನ್ ಮಾಡಿದ್ದೆ ಅಕ್ಕಾ. ನನ್ ಕೈಯೇ ಸರಿಗಿಲ್ಲ, ಕೆಲ್ಸ ಬಿಟ್ಟು ಊರಿಗೆ ಬಂದ್ಬುಡ್ತೀನಿ ಅಂತ ಎಷ್ಟು ಅತ್ತೆ ಗೊತ್ತಾ?"

"ಗೊತ್ತು," ಅಂದರು ಆಶಾರಾಣಿ. "ಗೋಡೆ ಈಚೆಗೆ ನಾನೇ ಕೂತಿದ್ದೆ. ಪೂರ್ತಿ ಕೇಳಿಸ್ಕಂಡೆ."

ಹುಡುಗಿ ಚೀಲವನ್ನು ತಾನೇ ಎತ್ತಿಕೊಂಡು ವ್ಯಾನು ಹತ್ತಿದಳು.