ಗುರುವಾರದ ಮನೆ

ಗುರೆಳ್ಳು ಹುರಿಯುವವರು ಹಂಚಿನ ಮುಂದೆ ನಿಂತು ಹಳೆಯದನ್ನು ನೆನೆಯಬಾರದು. ನೆನೆದರೆ ಏನಾಗುತ್ತದೆ ಎನ್ನುವುದಕ್ಕೆ ಇವತ್ತು ಮುಂಬಯಿ ಕಾಂದಿವಲಿಯ ನಮ್ಮ ಅಡುಗೆಮನೆಯೇ ಸಾಕ್ಷಿ. ನಿಮ್ಮ ಕಡೆ ಹುಚ್ಚೆಳ್ಳು ಎನ್ನುವ ಆ ಕಾಳು ಚಟಪಟ ಸಿಡಿದು ಸೀದುಹೋಯಿತು, ಹೊಗೆ ಹೊರಗಿನ ಕೋಣೆಯವರೆಗೆ ಬಂತು. ಮೊಮ್ಮಗಳು ಮೂಗು ಮುಚ್ಚಿಕೊಂಡು, "ಅಜ್ಜೀ, ಕ್ಯಾ ಜಲಾಯಾ?" ಎಂದಳು. ಏನು ಸುಟ್ಟೆನೆಂದು ಅವಳಿಗೆ ಒಂದೇ ಮಾತಿನಲ್ಲಿ ಹೇಗೆ ಹೇಳಲಿ? ನಿಮಗೆ ಹೇಳುತ್ತೇನೆ, ಪುರುಸೊತ್ತಿದ್ದರೆ ಕೂತುಕೊಳ್ಳಿ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಆಗ ನಾವು ಸಾಂತಾಕ್ರೂಜ್‌ನ ಒಂದು ಚಾಳಿನಲ್ಲಿದ್ದೆವು. ಅಪ್ಪನಿಗೆ ಪರೇಲಿನ ಮಿಲ್ಲಿನಲ್ಲಿ ಗುಮಾಸ್ತಿಕೆ, ನನಗೆ ಕಾಲೇಜು. ಧಾರವಾಡದಿಂದ ಒಂದು ಕಾರ್ಡು ಬಂತು. ಕನ್ನಡದ ದೊಡ್ಡ ಲೇಖಕರೊಬ್ಬರು ನಮ್ಮಲ್ಲಿಗೆ ಊಟಕ್ಕೆ ಬರುತ್ತಾರಂತೆ, ಗುರುವಾರವೇ ಆಗಬೇಕಂತೆ. ಅವರ ಹೆಸರು ಬೇಡ, ರಾಯರು ಎನ್ನೋಣ. ನಾನು ಹಿಗ್ಗಿ ಹೀರೇಕಾಯಿಯಾದೆ. ಅವ್ವ ಮಾತ್ರ, "ಅಯ್ಯ ಶಿವನೇ, ನಮ್ಮ ಗುರುವಾರದ ಹುಡುಗ!" ಎಂದು ಅಲ್ಲೇ ಕುಸಿದು ಕುಳಿತಳು.

ನಿಮಗೆ ವಾರಾನ್ನ ಗೊತ್ತಿದ್ದೀತು. ಓದಲು ಊರಿಗೆ ಬಂದ ಬಡ ಹುಡುಗ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ವಾರ ಹಚ್ಚಿಕೊಂಡು ಉಣ್ಣುವುದು. ರಾಯರ ಗುರುವಾರ ನಮ್ಮ ಅಜ್ಜಿಯ, ಅಂದರೆ ಅವ್ವನ ತಾಯಿಯ, ಮನೆಯಲ್ಲಿತ್ತು. ಅಜ್ಜಿಯ ಕೈ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. "ಹೊಟ್ಟಿಯೋ ಹಗೇವೋ ಇದು?" ಎನ್ನುತ್ತಲೇ ಎಲೆಗೆ ಇನ್ನೊಂದು ರೊಟ್ಟಿ, ಮೇಲೆ ಗುರೆಳ್ಳ ಹಿಂಡಿ, ಎಣ್ಣೆ. ಹಿಂಡಿ ಎಂದರೆ ಚಟ್ನಿಪುಡಿ, ಹಗೇವು ಎಂದರೆ ನೆಲದೊಳಗೆ ಜೋಳ ತುಂಬಿಡುವ ಗುಂಡಿ. ಹುಡುಗ ನಗುತ್ತಲೇ ಉಣ್ಣುತ್ತಿದ್ದನಂತೆ.

ಒಂದು ಗುರುವಾರ ಅಜ್ಜಿ ಯಾರ ಮೇಲಿನ ಸಿಟ್ಟಿಗೋ, "ನಿಮ್ಮವ್ವ ಹಡದು ಊರ ಮ್ಯಾಲೆ ಬಿಟ್ಟಾಳೇನೋ?" ಎಂದುಬಿಟ್ಟಳು. ಆ ತಾಯಿ ಬಾಣಂತನದಲ್ಲೇ ತೀರಿಹೋದವಳೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹುಡುಗ ಊಟ ಅರ್ಧಕ್ಕೇ ಬಿಟ್ಟು ಎದ್ದು ಹೋದ, ಮತ್ತೆ ಬರಲಿಲ್ಲ. ಬಡಿಸುತ್ತಿದ್ದವಳು ಆಗಿನ್ನೂ ಲಂಗದ ಹುಡುಗಿಯಾಗಿದ್ದ ನಮ್ಮವ್ವ.

ಆ ಹುಡುಗ ಈಗ ಆತ್ಮಕಥೆ ಬರೆಯುತ್ತಿದ್ದಾನೆಂದು ಕಾರ್ಡಿನಲ್ಲೇ ಇತ್ತು. ಅವ್ವನ ಜೀವ ಹಾರಿದ್ದು ಅದಕ್ಕೇ. "ನಮ್ಮವ್ವನ ಮಾತು ಅಚ್ಚಾದ್ರ ಹ್ಯಾಂಗವಾ? ಸತ್ತಾಕಿನ್ನ ನಾಡಮಂದಿಯೆಲ್ಲಾ ಬೈತಾರ," ಎಂದು ರೊಟ್ಟಿ ಬಡಿಯುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು.

ರಾಯರು ದಾದರಿನಿಂದ ಲೋಕಲ್ಲಿನಲ್ಲಿ ನಿಂತುಕೊಂಡೇ ಬಂದರು. ಹಾರ ತುರಾಯಿಯ ಮನುಷ್ಯನನ್ನು ನಿರೀಕ್ಷಿಸಿದ್ದ ಚಾಳಿಗೆ ನಿರಾಸೆಯಾಯಿತು. ಪಕ್ಕದ ಮರಾಠಿ ಕಾಕು ಇಣುಕಿ, "ಕೋಣ್ ಆಲೇ?" ಎಂದು ಬಂದವರು ಯಾರೆಂದು ಕೇಳಿದರೆ ಅವ್ವ, "ಮಾಹೇರ್‌ಚೆ," ಎಂದಳು. ತವರಿನವರು! ಇನ್ನು ನನ್ನ ಪ್ರತಾಪ ಕೇಳಿ. ವಾರವೆಲ್ಲ ಕೂತು ಭಾರೀ ಭಾರೀ ಪ್ರಶ್ನೆ ಬಾಯಿಪಾಠ ಮಾಡಿದ್ದೆ. "ತಮ್ಮ ಆತ್ಮಕಥನದಲ್ಲಿ ಕಾಲದ ಪರಿಕಲ್ಪನೆ..." ಎಂದು ಶುರುಮಾಡಿದೆ. ನೆಲದ ಮೇಲೆ ಎಲೆಯ ಮುಂದೆ ಕೂತಿದ್ದ ರಾಯರು, "ಮೊದಲ ಒಂದೀಟು ಹಿಂಡಿ ನೀಡವಾ ತಂಗಿ," ಎಂದರು.

ಆಮೇಲೆ ಅವರೇ ಹೇಳಿದರು. "ಹುಟ್ಟಿದ್ದು ಯಾವಾಗ, ಪಾಸಾದದ್ದು ಯಾವಾಗ, ಅದೆಲ್ಲಾ ಸಾಲಿ ಮಾಸ್ತರ ಬರಕೋತಾನ. ನನ್ನ ಕಥಿ ಏಳು ಮನಿಯಾಗ ನಡದದ. ಒಂದೊಂದು ವಾರದ ಮನಿಗೆ ಒಂದೊಂದು ಅಧ್ಯಾಯ. ಪ್ರತಿ ಮನಿಯಾಗ ಮತ್ತೊಮ್ಮೆ ಉಂಡು, ಅವರನ್ನ ಕೇಳಿ ಬರೀತೀನಿ. ಅನ್ನ ಹಾಕಿದವರನ್ನ ಕೇಳದ ಬರೀಬಾರದು." ಅವ್ವನ ಕಡೆ ತಿರುಗಿದರು. "ಬರೀಲೇನವಾ ಅಕ್ಕಾ?" ವಯಸ್ಸಿನಲ್ಲಿ ಅವ್ವ ಅವರಿಗಿಂತ ಚಿಕ್ಕವಳು. ಆದರೂ ಬಡಿಸಿದವಳು ಅಕ್ಕನೇ ತಾನೆ.

ಅವ್ವ ಕೈಯಲ್ಲಿದ್ದ ರೊಟ್ಟಿಯನ್ನು ಬುಟ್ಟಿಗೆ ಇಟ್ಟಳು. "ರೊಟ್ಟಿ ಹಾಕಿದ್ದು ಬರೀರಿ. ಆ ಮಾತೊಂದು ಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ರೊಟ್ಟಿ ಅಷ್ಟ ಬರದ್ರ ಅದು ನಿಮ್ಮವ್ವ ಅಲ್ಲ. ಮಾತು ಅಷ್ಟ ಬರದ್ರೂ ಅವರಲ್ಲ. ಎರಡೂ ಬರೀತೀನಿ, ಇಲ್ಲಾ ಎರಡೂ ಬಿಡ್ತೀನಿ."

"ಎರಡೂ ಬಿಟ್ಟುಬಿಡ್ರಿ," ಎಂದಳು ಅವ್ವ.

ರಾಯರು ಎಲೆಯಲ್ಲಿದ್ದ ಹಿಂಡಿಯನ್ನು ಬೆರಳಿನಿಂದ ಒರೆಸಿಕೊಂಡು ತಿಂದರು. ಆಮೇಲೆ ಎಲೆ ತೋರಿಸಿ, "ಇನ್ನೊಂದು ರೊಟ್ಟಿ ಹಾಕಕ್ಕಾ. ಅವರಂಗ ಒಮ್ಮೆ ಬೈದು ಹಾಕು," ಎಂದರು. ಅವ್ವ ಬೈಯದೆಯೇ ಹಾಕಿದಳು. ಅವರು ಎಲೆಯಲ್ಲಿ ಒಂದು ಚೂರೂ ಬಿಡದೆ ಉಂಡು, ಕೈ ಮುಗಿದು ಹೋದರು.

ಪುಸ್ತಕ ಬಂದಾಗ ಅವ್ವನಿಗೆ ನಾನೇ ಓದಿ ಹೇಳಿದೆ. ಸೋಮವಾರದ ಮನೆಯ ಜಿಪುಣ ಯಜಮಾನ, ಬುಧವಾರದ ಮನೆಯ ಹಾಡುವ ಮುದುಕಿ, ಎಲ್ಲರೂ ಜೀವ ತುಂಬಿಕೊಂಡು ಕೂತಿದ್ದರು. ಗುರುವಾರ ಎಂದು ತಲೆಬರಹವಿದ್ದ ಪುಟದಲ್ಲಿ ಇದ್ದದ್ದು ಒಂದೇ ಸಾಲು: "ಗುರುವಾರ ನನಗೆ ಊಟದ ಮನೆ ಇರಲಿಲ್ಲ."

ಅವ್ವ ಗೆದ್ದಿದ್ದಳು. "ಮುಂದ ಓದು," ಎಂದಳು. ಮುಂದೆ ಶುಕ್ರವಾರ ಎಂದೆ. ಅವಳು ಪುಸ್ತಕ ಕೈಗೆ ತೆಗೆದುಕೊಂಡು ಆ ಪುಟವನ್ನು ಹಿಂದೆ ಮುಂದೆ ತಿರುವಿದಳು. "ಅಲ್ಲವಾ, ನಮ್ಮವ್ವ ಇರಲೇ ಇಲ್ಲೇನು ಹಂಗಾರ?" ಎಂದು ಸಣ್ಣ ಮಕ್ಕಳ ಹಾಗೆ ಅತ್ತಳು. ಅವತ್ತೇ ಮೊದಲ ಸಲ ಹೇಳಿದಳು: ಹುಡುಗ ಎದ್ದು ಹೋದ ಮೇಲೆ ಅಜ್ಜಿ ಸಾಯುವ ತನಕ ಪ್ರತಿ ಗುರುವಾರ ಒಂದು ಎಲೆ ಹೆಚ್ಚಿಗೆ ಹಾಕಿಸಿ, ಬಾಗಿಲ ಕಡೆ ನೋಡುತ್ತ ಕೂತಿರುತ್ತಿದ್ದಳಂತೆ. ಮನೆಯವರೆಲ್ಲ ಉಂಡೆದ್ದ ಮೇಲೇ ತಾನು ಉಣ್ಣುತ್ತಿದ್ದಳಂತೆ. "ಇದನ್ನರೆ ಅವರ ಮುಂದ ಹೇಳಬೇಕಿತ್ತು. ಇದ್ದದ್ದು ಇದ್ದಂಗ ಬರೀರಿ ಅನಬೇಕಿತ್ತು ನಾ." ಪತ್ರ ಬರೆಯೋಣ ಎಂದೆ. ಆದರೆ ರಾಯರು ಪುಸ್ತಕ ಅಚ್ಚಿನಲ್ಲಿರುವಾಗಲೇ ತೀರಿಕೊಂಡಿದ್ದರು.

ಈಗ ಅವ್ವನೂ ಇಲ್ಲ. ಸೀದದ್ದನ್ನು ಚೆಲ್ಲಿ, ಬೇರೆ ಗುರೆಳ್ಳು ಹುರಿದು ಹಿಂಡಿ ಕುಟ್ಟಿದೆ. ಆಗ ಮೂಗು ಮುಚ್ಚಿಕೊಂಡಿದ್ದ ಮೊಮ್ಮಗಳೇ ಬಂದು ಕೂತು ರೊಟ್ಟಿಗೆ ಹಚ್ಚಿಕೊಂಡು ತಿಂದಳು, ಮತ್ತೊಂದು ಬೇಡಿದಳು, ಇನ್ನೂ ಒಂದು ಬೇಡಿದಳು.

"ಹೊಟ್ಟಿಯೋ ಹಗೇವೋ ಇದು?" ಎಂದೆ. ನನ್ನ ಬಾಯಿಂದ ಆ ಮಾತು ಎಂದೂ ಬಂದಿರಲಿಲ್ಲ.

ಅವಳು ನಕ್ಕಳು. "ಯೇ ಕಿಸ್ಕಾ ಡೈಲಾಗ್ ಹೈ, ಅಜ್ಜೀ?"

"ನಮ್ಮಜ್ಜೀದು," ಎಂದೆ. ಅವಳ ಪಕ್ಕದಲ್ಲಿ ಕೂತು, ಅಜ್ಜಿ ಬೈದದ್ದನ್ನೂ ಹೇಳಿದೆ, ಎಲೆ ಹಾಕಿ ಕಾದದ್ದನ್ನೂ ಹೇಳಿದೆ. ಎರಡನ್ನೂ ಬಿಡಲಿಲ್ಲ.